ರಿಗ್ಲಿ ಫೀಲ್ಡ್ ಪಕ್ಕದ ಹಳೆಯ ಮನೆಯಲ್ಲಿ ಸಂಸಾರ: ಅನುಭವವಿದ್ದವರು ತಿಳಿಸಿ

ಹೊಸದಾಗಿ ಬರುತ್ತಿರುವವನು:
ನಮಸ್ಕಾರ. ಆಗಸ್ಟ್‌ನಿಂದ ಶಿಕಾಗೊದ ಮುಖ್ಯ ಪೇಟೆಯಾದ ಲೂಪ್‌ನಲ್ಲಿ ನನಗೆ ಕೆಲಸ. ಕಬ್ಸ್ ತಂಡದ ಬೇಸ್‌ಬಾಲ್ ಮೈದಾನವಾದ ರಿಗ್ಲಿ ಫೀಲ್ಡ್‌ಗೆ ಎರಡೇ ಬ್ಲಾಕ್ ದೂರದಲ್ಲಿ, ನೂರು ವರ್ಷ ದಾಟಿದ ಕಟ್ಟಡವೊಂದರ ಮೂರನೇ ಮಹಡಿಯ ಮನೆಯನ್ನು ನೋಡಿದ್ದೇವೆ. ಮಗಳಿಗೆ ನಾಲ್ಕು ವರ್ಷ. ಮಂಡಿನೋವಿರುವ ಅಮ್ಮ ವರ್ಷಕ್ಕೆ ಆರು ತಿಂಗಳು ನಮ್ಮೊಡನೆ ಇರುತ್ತಾರೆ. ಅಲ್ಲಿ ಸಂಸಾರ ಮಾಡಿದವರು ದಯವಿಟ್ಟು ಸಲಹೆ ಕೊಡಿ.

ಹಳೇ ಬಾಡಿಗೆದಾರ:
ಮೊದಲು ಕಾರಿನ ವಿಷಯ. ರಾತ್ರಿ ಪಂದ್ಯವಿರುವ ಸಂಜೆ ಆ ಬೀದಿಗಳಲ್ಲಿ ಎಲ್‌ವಿ2 ಎಂಬ, ಅಲ್ಲಿನ ನಿವಾಸಿಗಳಿಗೆ ಕೊಡುವ ನಿಲುಗಡೆ ಪರವಾನಗಿಯ ಚೀಟಿಯಿಲ್ಲದ ಕಾರನ್ನು ಎಳೆದೊಯ್ಯುತ್ತಾರೆ. ನನ್ನಲ್ಲಿ ಚೀಟಿ ಇತ್ತು, ಆದರೆ ಅದು ಗಾಜಿನ ಮೇಲಲ್ಲ, ಮನೆಯ ಡ್ರಾಯರ್‌ನಲ್ಲಿತ್ತು. ದಂಡ, ಎಳೆದೊಯ್ದ ಶುಲ್ಕ, ಒಂದು ರಾತ್ರಿಯ ನಿಲುಗಡೆ, ಅಲ್ಲಿಗೆ ಹೋದ ಟ್ಯಾಕ್ಸಿ ಸೇರಿ 287 ಡಾಲರ್ 50 ಸೆಂಟ್. ರಸೀದಿಗಳು ಇಂದಿಗೂ ನನ್ನ ಬಳಿ ಇವೆ. ಎರಡನೆಯ ಬಾರಿ ಭಾವನವರು ತಂದಿದ್ದ ಬಾಡಿಗೆ ಕಾರು ಹೋಯಿತು, ಹಿಂದಿನ ಸೀಟಿನಲ್ಲಿದ್ದ ಮಿಡಿ ಉಪ್ಪಿನಕಾಯಿಯ ಡಬ್ಬಿಗಳ ಸಮೇತ. ಋತುವಿಗೆ ತವರಿನ ಪಂದ್ಯಗಳು 81 ಎಂದಷ್ಟೇ ಲೆಕ್ಕ ಹಾಕಬೇಡಿ, ಬೇಸಿಗೆಯ ಸಂಗೀತ ಕಾರ್ಯಕ್ರಮಗಳನ್ನೂ ಕೂಡಿಸಿಕೊಳ್ಳಿ. 1988ರ ಆಗಸ್ಟ್‌ವರೆಗೆ ಆ ಮೈದಾನದಲ್ಲಿ ಕಬ್ಸ್ ತಂಡದ ರಾತ್ರಿ ಪಂದ್ಯಗಳೇ ನಡೆಯುತ್ತಿರಲಿಲ್ಲ. ದೀಪ ಬೇಡವೆಂದು ಹೋರಾಡಿದ ನೆರೆಹೊರೆಯವರ ಕಥೆ ಕೇಳಿ ಮೊದಲು ನಗುತ್ತಿದ್ದೆ, ಆಮೇಲೆ ನಗು ನಿಂತಿತು.

ಶೆಫೀಲ್ಡ್ ಬೀದಿಯವಳು:
ನಾನು 14 ವರ್ಷದಿಂದ ಇಲ್ಲೇ ಇದ್ದೇನೆ ಮತ್ತು ನಮಗೆ ಕಾರೇ ಇಲ್ಲ. ಪಂದ್ಯ ಮುಗಿದ ಹೊತ್ತಿನಲ್ಲಿ ಆ್ಯಡಿಸನ್ ನಿಲ್ದಾಣದ ಕಡೆ ತಲೆ ಹಾಕದೆ, ಉತ್ತರಕ್ಕೆ ಶೆರಿಡನ್‌ವರೆಗೆ ನಡೆದು ರೆಡ್ ಲೈನ್ ರೈಲು ಹತ್ತಿದರೆ ಪೇಟೆಗೆ ಹೋಗಲು ಕೂತುಕೊಳ್ಳುವ ಜಾಗವೇ ಸಿಗುತ್ತದೆ. ಅದೇ ಕಡೆ ಆಲ್ಟಾ ವಿಸ್ಟಾ ಟೆರೇಸ್ ಇದೆ, 1900ರಿಂದ 1904ರೊಳಗೆ ಕಟ್ಟಿದ 40 ಸಾಲುಮನೆಗಳ ಪುಟ್ಟ ಬೀದಿ. ಒಂದು ಸಾಲಿನ ಈ ತುದಿಯ ಮನೆಯ ಮುಂಭಾಗವೇ ಎದುರು ಸಾಲಿನ ಆ ತುದಿಯಲ್ಲಿ ಮತ್ತೆ ಕಾಣುತ್ತದೆ. ಜೋಡಿ ಹುಡುಕುವುದು ನನ್ನ ಮಗನಿಗೆ ಭಾನುವಾರದ ಆಟವಾಗಿತ್ತು. ಹತ್ತಿರದಲ್ಲೇ ವಾಸ್ತುಶಿಲ್ಪಿ ಲೂಯಿಸ್ ಸಲಿವನ್ ಅವರ ಸಮಾಧಿಯಿರುವ ಗ್ರೇಸ್‌ಲ್ಯಾಂಡ್ ಸ್ಮಶಾನವಿದೆ. ನಮ್ಮ ಅತ್ತೆಯವರು ಅಲ್ಲಿಂದ ಬಂದ ಕೂಡಲೇ ತಲೆಗೆ ಸ್ನಾನ ಮಾಡುತ್ತಿದ್ದರು, ಆದರೂ ವಾರ ತಪ್ಪಿಸುತ್ತಿರಲಿಲ್ಲ.

ಮಾವನವರಿಗೆ ಆಟ ಅರ್ಥವಾಗುತ್ತಿರಲಿಲ್ಲ. ಸ್ಕೋರ್‌ಬೋರ್ಡ್ ಮೇಲೆ ಏರುವ ಬಾವುಟ ಬಿಳಿಯದಾದರೆ ಗೆಲುವು, ನೀಲಿಯಾದರೆ ಸೋಲು ಎಂದು ತಿಳಿದುಕೊಂಡು, ಎರಡು ಬೇಸಿಗೆ ಪೂರ್ತಿ ಅದನ್ನು ಡೈರಿಯಲ್ಲಿ ಬರೆದಿಟ್ಟರು. 2016ರಲ್ಲಿ ಕಬ್ಸ್ ತಂಡ 108 ವರ್ಷಗಳ ಬಳಿಕ ಬೇಸ್‌ಬಾಲ್‌ನ ವಿಶ್ವ ಸರಣಿ (ವರ್ಲ್ಡ್ ಸೀರೀಸ್) ಗೆದ್ದಾಗ, ಜನರು ತೀರಿಹೋದ ತಮ್ಮವರ ಹೆಸರುಗಳನ್ನು ಮೈದಾನದ ಇಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರು. ನಾನು ಮಾವನವರ ಹೆಸರನ್ನು ಕನ್ನಡದಲ್ಲಿ ಬರೆದೆ. ಸೀಮೆಸುಣ್ಣ ಮೂರು ತುಂಡಾಯಿತು, ಒತ್ತಕ್ಷರ ಕೆಳಗಿನವರ ಹೆಸರಿನ ಮೇಲೆ ಕೂತಿತು.

ನೇಪರ್‌ವಿಲ್‌ಗೆ ಹೋದವನು:
ಸೀಮೆಸುಣ್ಣದಿಂದ ಬಾಡಿಗೆ ಕಟ್ಟಲಾಗುವುದಿಲ್ಲ, ತಾಯಿ. ಶಿಕಾಗೊದಲ್ಲಿ 1986ರವರೆಗೆ ಮನೆಗಳಿಗೆ ಸೀಸದ ನೀರಿನ ಕೊಳವೆಯನ್ನೇ ಹಾಕಬೇಕೆಂಬ ನಿಯಮವಿತ್ತು. ಮನೆಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ. ನಮ್ಮ ಕಿಟಕಿಯನ್ನು ಎತ್ತಿ ಇಳಿಸಿದಾಗಲೆಲ್ಲ ಕಟ್ಟೆಯ ಮೇಲೆ ಬಿಳಿ ಪುಡಿ ಉದುರುತ್ತಿತ್ತು, ನಮ್ಮ ಎರಡು ವರ್ಷದ ಮಗು ಅಲ್ಲೇ ಬೆರಳಾಡಿಸುತ್ತಿತ್ತು. ರಕ್ತಪರೀಕ್ಷೆಯಲ್ಲಿ ಮಗುವಿನ ಸೀಸದ ಅಂಕಿ ನೋಡಿದ ದಿನವೇ ಮನೆ ಬಿಟ್ಟು ಉಪನಗರ ನೇಪರ್‌ವಿಲ್‌ಗೆ ಹೋಗಲು ತೀರ್ಮಾನಿಸಿದೆವು. ಕರಾರು ಮುರಿದದ್ದಕ್ಕೆ ಎರಡು ತಿಂಗಳ ಬಾಡಿಗೆ 4,700 ಡಾಲರ್, ಸಾಗಾಟಕ್ಕೆ 1,150, ಅದರಲ್ಲಿ ಒಡೆದ ಗ್ರೈಂಡರಿಗೆ 260.

ಶೆಫೀಲ್ಡ್ ಬೀದಿಯವಳು:
ನಾನು ನಿಮ್ಮ ತಾಯಿಯಲ್ಲ. ನಾವು ನೀರಿಗೆ ಫಿಲ್ಟರ್ ಹಾಕಿಸಿದೆವು, ಕಿಟಕಿಗಳನ್ನು ಬದಲಿಸಿಕೊಡುವಂತೆ ಮಾಲೀಕರನ್ನು ಏಳು ತಿಂಗಳು ಕಾಡಿ ಒಪ್ಪಿಸಿದೆವು. ಎಲ್ಲರಿಗೂ ಓಡಿಹೋಗುವುದೊಂದೇ ದಾರಿಯಲ್ಲ.

ನೇಪರ್‌ವಿಲ್‌ಗೆ ಹೋದವನು:
ಆ ಏಳು ತಿಂಗಳು ನಿಮ್ಮ ಮಗ ಅದೇ ಪುಡಿಯ ನಡುವೆ ಇದ್ದ ಎಂಬುದನ್ನೂ ಬರೆಯಿರಿ.

ಹೊಸದಾಗಿ ಬರುತ್ತಿರುವವನು:
ಎಲ್ಲರಿಗೂ ವಂದನೆಗಳು. ಮಂಡಿನೋವಿರುವವರು ಮೂರನೇ ಮಹಡಿಯ ಮೆಟ್ಟಿಲುಗಳನ್ನು ಹೇಗೆ ನಿಭಾಯಿಸುತ್ತಾರೆ ಎಂಬುದನ್ನು ಯಾರಾದರೂ ತಿಳಿಸುವಿರಾ?

ಹಳೇ ಬಾಡಿಗೆದಾರ:
ಮೆಟ್ಟಿಲು ನಮಗೂ 41 ಇದ್ದವು, ಅದು ದೊಡ್ಡ ಮಾತಲ್ಲ. ನಿಜವಾದ ಹಿಂಸೆ ಮನೆ ಬಿಸಿಮಾಡುವ ಹಬೆಯ ರೇಡಿಯೇಟರ್. ಬೆಳಗಿನ ಜಾವ ನಾಲ್ಕಕ್ಕೆ ಯಾರೋ ಸುತ್ತಿಗೆಯಿಂದ ಕೊಳವೆ ಬಡಿದಂತೆ ಸದ್ದು. ಜನವರಿಯಲ್ಲಿ ಕಿಟಕಿ ತೆರೆದು ಬನಿಯನ್‌ನಲ್ಲಿ ಮಲಗುತ್ತಿದ್ದೆ.

ಶೆಫೀಲ್ಡ್ ಬೀದಿಯವಳು:
ಆ ಬಿಸಿಯ ಖರ್ಚು ಬಾಡಿಗೆಯಲ್ಲೇ ಸೇರಿರುತ್ತದೆ. ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲು 68, ರಾತ್ರಿ 66 ಡಿಗ್ರಿ ಫ್ಯಾರನ್‌ಹೀಟ್ ಇರಲೇಬೇಕೆಂದು ನಗರದ ಕಾನೂನೇ ಹೇಳುತ್ತದೆ. ಸದ್ದು ಬಂದರೆ ರೇಡಿಯೇಟರಿನ ಒಂದು ಕಾಲಿನ ಕೆಳಗೆ ಮರದ ಚೂರಿಟ್ಟು ನಿಂತ ನೀರು ವಾಲ್ವ್‌ನತ್ತ ಹರಿಯುವಂತೆ ಮಾಡಬೇಕು. ನೀವು ಮೂರು ವರ್ಷ ಇದ್ದೂ ಅದನ್ನು ಮಾಡಲಿಲ್ಲವೆಂದರೆ ತಪ್ಪು ಕಟ್ಟಡದ್ದಲ್ಲ.

ಹಳೇ ಬಾಡಿಗೆದಾರ:
ಮರದ ಚೂರು ಇಟ್ಟಿದ್ದೆ, ಅಮ್ಮಾ. ಎರಡು ಇಟ್ಟಿದ್ದೆ. ಕೆಳಗಿನ ಮನೆಯವರು ಮೇಲೆ ಬಂದು, ಈಗ ಸದ್ದು ತಮ್ಮ ಮನೆಯಲ್ಲಿ ಬರುತ್ತಿದೆ ಎಂದರು.