ಜನಾಂಗೀಯ ಸಶಸ್ತ್ರ ಪಡೆಗಳನ್ನು ವಿಸರ್ಜಿಸಿದರೆ ದೇಶದ ಏಕತೆ ಉಳಿಯುತ್ತದೆಯೇ?

ಪ್ರಶ್ನೆ (ಬಸವನಗುಡಿಯ ಓದುಗ):
ಇಥಿಯೋಪಿಯಾದ 1995ರ ಸಂವಿಧಾನವು ಜನಾಂಗಗಳ ಆಧಾರದ ಮೇಲೆ ಪ್ರಾಂತ್ಯಗಳನ್ನು ರಚಿಸಿತು. ಅದರ 39ನೆಯ ವಿಧಿಯು ಪ್ರತ್ಯೇಕವಾಗುವ ಹಕ್ಕನ್ನೂ ನೀಡಿತು. ಕ್ರಮೇಣ ಪ್ರಾಂತ್ಯಗಳು ತಮ್ಮದೇ ವಿಶೇಷ ಪಡೆಗಳನ್ನು ಕಟ್ಟಿಕೊಂಡವು, 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರಕ್ಕೂ ಉತ್ತರದ ಟಿಗ್ರೇ ಪ್ರಾಂತ್ಯದ ಪಡೆಗಳಿಗೂ ನಡುವೆ ಟಿಗ್ರೇ ಯುದ್ಧ ಶುರುವಾಯಿತು. ನಮ್ಮಲ್ಲಿಯೂ 1956ರಲ್ಲಿ ಭಾಷಾವಾರು ರಾಜ್ಯಗಳು ರಚನೆಯಾದವು, ಆದರೆ ಕಾವೇರಿ ವಿವಾದ ಎಷ್ಟೇ ಉಲ್ಬಣಿಸಿದರೂ ಎರಡು ರಾಜ್ಯಗಳ ಪೊಲೀಸರು ಪರಸ್ಪರ ಬಂದೂಕು ಎತ್ತಿದ್ದಿಲ್ಲ. ಹಾಗಾದರೆ ಒಕ್ಕೂಟ ಸರ್ಕಾರವು ಇಂತಹ ಪಡೆಗಳನ್ನು ಮೊದಲು ವಿಸರ್ಜಿಸಬೇಕೇ, ಅಥವಾ ರಾಜಕೀಯ ಒಪ್ಪಂದ ಮೊದಲು ಆಗಬೇಕೇ?

ಉತ್ತರ 1 (ಮಲ್ಲೇಶ್ವರ):
ವಿಸರ್ಜನೆಯನ್ನೇ ಮೊದಲು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಇಥಿಯೋಪಿಯಾವೇ ಉದಾಹರಣೆ. ಟಿಗ್ರೇ ಯುದ್ಧದಲ್ಲಿ ಅಮ್ಹಾರಾ ಪ್ರಾಂತ್ಯದ ವಿಶೇಷ ಪಡೆಯೂ ಫಾನೋ ಎಂಬ ಸ್ಥಳೀಯ ಸಶಸ್ತ್ರ ಗುಂಪುಗಳೂ ಕೇಂದ್ರದ ಪರವಾಗಿ ಹೋರಾಡಿದವು. 2022ರ ನವೆಂಬರ್‌ನ ಯುದ್ಧ ನಿಲ್ಲಿಸಿದ ಪ್ರಿಟೋರಿಯಾ ಒಪ್ಪಂದವು ಕೇಂದ್ರ ಸರ್ಕಾರ ಮತ್ತು ಟಿಗ್ರೇ ನಾಯಕತ್ವದ ನಡುವೆಯೇ ಮುಗಿಯಿತು. ಅಮ್ಹಾರಾ ಮತ್ತು ಟಿಗ್ರೇ ಎರಡೂ ತಮ್ಮದೆನ್ನುವ ಪಶ್ಚಿಮ ಟಿಗ್ರೇಯ ಜಮೀನಿನ ತಕರಾರು ಹಾಗೆಯೇ ಉಳಿಯಿತು. ಅಷ್ಟರಲ್ಲಿ, 2023ರ ಏಪ್ರಿಲ್‌ನಲ್ಲಿ, ಎಲ್ಲ ಪ್ರಾಂತೀಯ ವಿಶೇಷ ಪಡೆಗಳನ್ನು ಸೇನೆಗೋ ಪೊಲೀಸಿಗೋ ಸೇರಿಸುವ ಆದೇಶ ಹೊರಬಿತ್ತು. ನಾಳೆ ತಮ್ಮನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಅಮ್ಹಾರಾ ಜನರಿಗೆ ಉತ್ತರ ಸಿಕ್ಕಿರಲಿಲ್ಲವಾದ್ದರಿಂದ, ಆ ಪಡೆಯ ಅನೇಕರು ಫಾನೋ ಕಡೆಗೆ ಹೋದರು, ಆಗಸ್ಟ್‌ನಲ್ಲಿ ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ನಿನ್ನೆಯ ಮಿತ್ರರನ್ನು ಒಂದೇ ಆದೇಶ ಬಂಡುಕೋರರನ್ನಾಗಿಸಿತು.

ಕರ್ನಾಟಕದ ವಿಷಯದಲ್ಲಿ ಒಂದು ಸೇರ್ಪಡೆ. ನಮ್ಮಲ್ಲಿಯೂ ಕೆಎಸ್‌ಆರ್‌ಪಿ ಎಂಬ ಸಶಸ್ತ್ರ ಪೊಲೀಸ್ ದಳವಿದೆ. ಆದರೆ ಅದರ ಮೇಲಿರುವ ಐಪಿಎಸ್ ಅಧಿಕಾರಿಗಳು ಅಖಿಲ ಭಾರತ ಸೇವೆಯವರು, ಬಿಹಾರದವರೋ ತಮಿಳುನಾಡಿನವರೋ ಆಗಿರಬಹುದು. ಈ ವ್ಯವಸ್ಥೆಯ ಮಹತ್ವವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಉತ್ತರ 2 (ವಿಜಯನಗರ):
ಮಲ್ಲೇಶ್ವರದವರ ಮಾತನ್ನು ಒಪ್ಪುತ್ತೇನೆ. ಇದಕ್ಕೆ ವಿರುದ್ಧವಾದ ಕ್ರಮ ಫಲಿಸಿದ್ದು ಮಿಜೋರಾಂನಲ್ಲಿ. 1959ರಲ್ಲಿ ಬಿದಿರು ಹೂ ಬಿಟ್ಟು, ಇಲಿಗಳು ಹೆಚ್ಚಿ, ಬೆಳೆ ನಾಶವಾಗಿ ಬರಗಾಲ ಬಂದಾಗ ಪರಿಹಾರಕ್ಕೆಂದು ಹುಟ್ಟಿದ ಸಂಘಟನೆಯೇ ಮುಂದೆ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಬಂಡಾಯದ ವೇಳೆ ಭಾರತೀಯ ವಾಯುಪಡೆಯೇ ಐಜ್ವಾಲ್ ಮೇಲೆ ದಾಳಿ ನಡೆಸಿತು. ಆದರೂ 1986ರ ಜೂನ್ 30ರಂದು ಒಪ್ಪಂದವಾದಾಗ, ಆಗಿನ ಮುಖ್ಯಮಂತ್ರಿ ಲಾಲ್ ಥನ್‌ಹಾವ್ಲಾ ಅವರು ಬಂಡಾಯದ ನಾಯಕ ಲಾಲ್‌ಡೆಂಗಾ ಅವರಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಜಮೀನು ಮತ್ತು ಸಾಂಪ್ರದಾಯಿಕ ಕಾನೂನಿಗೆ ಸಂವಿಧಾನದ 371ಜಿ ವಿಧಿಯ ರಕ್ಷಣೆ ದೊರೆಯಿತು. ಇಷ್ಟು ಖಾತರಿಯಾಗಿ ಕಂಡಾಗ ಬಂದೂಕು ಕೆಳಗಿಡುವುದು ಶರಣಾಗತಿ ಎನ್ನಿಸುವುದಿಲ್ಲ.

ಉತ್ತರ 3 (ನೀಲಸಂದ್ರ):
ಮಿಜೋರಾಂನಲ್ಲಿ ಮಿಜೋಗಳೇ ಬಹುಸಂಖ್ಯಾತರಾಗಿದ್ದರು ಮತ್ತು ಮಾತುಕತೆಗೆ ಮುಖ್ಯವಾಗಿ ಒಂದೇ ಸಂಘಟನೆ ಇತ್ತು ಎಂಬುದನ್ನು ಮರೆಯಬಾರದು. ಮಣಿಪುರದಲ್ಲಿ ಆ ಅನುಕೂಲವಿಲ್ಲ. ಕಣಿವೆಯ ಮೈತೇಯಿಗಳಿಗೂ ಬೆಟ್ಟದ ಕುಕಿಗಳಿಗೂ ನಡುವೆ ಗಲಭೆ ಶುರುವಾದ 2023ರ ಮೇ 3ರ ನಂತರ ಅಲ್ಲಿನ ಶಸ್ತ್ರಾಗಾರಗಳಿಂದ ಸಾವಿರಾರು ಬಂದೂಕುಗಳು ಲೂಟಿಯಾದವು. ಕಣಿವೆಯಲ್ಲಿಯೂ ಬೆಟ್ಟಗಳಲ್ಲಿಯೂ ಗ್ರಾಮ ಸ್ವಯಂಸೇವಕರ ಹೆಸರಿನಲ್ಲಿ ಯುವಕರು ಮರಳಿನ ಮೂಟೆಗಳ ಹಿಂದೆ ಕಾವಲು ಕುಳಿತರು. ಒಂದು ಕಡೆಯವರು ಮೊದಲು ಆಯುಧ ಒಪ್ಪಿಸಿದರೆ ಇನ್ನೊಂದು ಕಡೆಯವರು ಸುಮ್ಮನಿರುತ್ತಾರೆ ಎಂಬ ಭರವಸೆಯನ್ನು ಕೊಡಬಲ್ಲ, ಇಬ್ಬರೂ ನಂಬುವ ಮೂರನೆಯವರು ಬೇಕು.

ಈ ಅಪನಂಬಿಕೆ ಎಷ್ಟು ದೂರ ಚಾಚಬಲ್ಲದು ಎಂಬುದನ್ನು ಬೆಂಗಳೂರೇ 2012ರ ಆಗಸ್ಟ್‌ನಲ್ಲಿ ಕಂಡಿದೆ. ಅಸ್ಸಾಂನ ಕೊಕ್ರಝಾರ್ ಗಲಭೆಯ ಬಳಿಕ ಹಬ್ಬಿದ ಎಸ್‌ಎಂಎಸ್ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ, ಸೆಕ್ಯುರಿಟಿ ಗಾರ್ಡ್‌ಗಳು, ಹೋಟೆಲ್ ಕಾರ್ಮಿಕರು, ವಿದ್ಯಾರ್ಥಿಗಳು, ಗುವಾಹಟಿಯ ವಿಶೇಷ ರೈಲುಗಳಿಗಾಗಿ ಮೆಜೆಸ್ಟಿಕ್ ಬಳಿಯ ನಿಲ್ದಾಣದಲ್ಲಿ ತುಂಬಿಕೊಂಡಿದ್ದರು. ಸಚಿವರೂ ಪೊಲೀಸರೂ ಪ್ಲಾಟ್‌ಫಾರಂಗೇ ಬಂದು ಅಭಯ ನೀಡಿದರೂ ಬಹುಪಾಲು ಜನ ರೈಲು ಹತ್ತಿದರು.

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ: ಒಪ್ಪಂದ ಮೊದಲು, ಆದರೆ ಅದನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ನಾಗಾ ಬಂಡುಕೋರರೊಂದಿಗಿನ ಕದನವಿರಾಮ 1997ರಿಂದಲೂ ಇದೆ, 2015ರಲ್ಲಿ ಚೌಕಟ್ಟು ಒಪ್ಪಂದಕ್ಕೆ ಸಹಿಯೂ ಆಯಿತು; ಪ್ರತ್ಯೇಕ ಧ್ವಜ ಮತ್ತು ಸಂವಿಧಾನದ ಬೇಡಿಕೆಯ ಬಳಿ ಮಾತುಕತೆ ಸಿಕ್ಕಿಕೊಂಡಿದ್ದರಿಂದ ಆ ಬಂದೂಕುಗಳು ಇನ್ನೂ ಶಿಬಿರಗಳಲ್ಲಿಯೇ ಇವೆ.