ಪುತ್ತರಿ ಮಂದ್‌ನಲ್ಲಿ ಬಾಣಬಿರುಸು: ಕಂಪ್ಯೂಟರಿನಲ್ಲಿ ಮೊದಲೇ ರೂಪಿಸಿ ನೋಡುವುದು ಹೇಗೆ?

ಪ್ರಶ್ನೆ – ವಿರಾಜಪೇಟೆ ತಾಲ್ಲೂಕಿನ ಯುವಕ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ಬಳಿಕ ನಮ್ಮೂರ ಮಂದ್‌ನಲ್ಲಿ (ಊರವರೆಲ್ಲ ಸೇರುವ ಬಯಲಿನಲ್ಲಿ) ಕೋಲಾಟ ಮುಗಿದ ರಾತ್ರಿ ಏಳೆಂಟು ನಿಮಿಷಗಳ ಬಾಣಬಿರುಸು ಪ್ರದರ್ಶನ ನಡೆಸುವ ರೂಢಿಯಿದೆ. ಸಿಡಿಸುವ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ನೋಡಿಕೊಳ್ಳುತ್ತಾರೆ. ಆದರೆ ಯಾವುದರ ಬೆನ್ನಿಗೆ ಯಾವುದು ಹಾರಬೇಕೆಂಬುದನ್ನು ಗೊತ್ತುಮಾಡುವ ಹೊಣೆಯನ್ನು ಊರಿನ ಹಿರಿಯರು ಈ ಸಲ ನನಗೂ ನನ್ನ ಇಬ್ಬರು ಗೆಳೆಯರಿಗೂ ಒಪ್ಪಿಸಿದ್ದಾರೆ. ಕಳೆದ ವರ್ಷ ಮೊದಲ ಎರಡೇ ನಿಮಿಷದಲ್ಲಿ ಬಹುಪಾಲು ಮದ್ದು ಸಿಡಿದು, ಹೊಗೆ ಗದ್ದೆಯ ಮೇಲೆ ಕದಲದೆ ನಿಂತುಬಿಟ್ಟಿದ್ದರಿಂದ, ಕೊನೆಗೆಂದು ಉಳಿಸಿಟ್ಟಿದ್ದ ದೊಡ್ಡ ಶೆಲ್‌ಗಳು (ಕೊಳವೆಯಿಂದ ಹಾರಿ ಆಕಾಶದಲ್ಲಿ ಸಿಡಿದು ಅರಳುವ ಮದ್ದಿನ ಉಂಡೆಗಳು) ಆ ಹೊಗೆಯೊಳಗೆ ಬರೀ ಬೆಳಕಿನ ಕಲೆಗಳಂತೆ ಕಂಡವು. ದೂರದಿಂದ ಬಂದಿದ್ದ ಅಜ್ಜಿಯರೂ ಮಕ್ಕಳೂ ಏನನ್ನೂ ಸರಿಯಾಗಿ ನೋಡದೆ ಹಿಂದಿರುಗಿದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಫಿನಾಲೆ 3ಡಿ, ಎಫ್‌ಡಬ್ಲ್ಯೂಸಿಮ್ ಎಂಬ ತಂತ್ರಾಂಶಗಳಲ್ಲಿ ಇಡೀ ಪ್ರದರ್ಶನವನ್ನು ಮೊದಲೇ ಪರದೆಯ ಮೇಲೆ ನೋಡಬಹುದೆಂದು ಕೇಳಿದ್ದೇನೆ. ನಮ್ಮಂತಹ ಸಣ್ಣ ಪ್ರದರ್ಶನಕ್ಕೆ ಅವು ನಿಜವಾಗಿ ಉಪಯೋಗವಾಗುತ್ತವೆಯೇ? ವಾಲಗ ಮತ್ತು ದುಡಿಯ ಲಯಕ್ಕೆ ಬಿರುಸುಗಳನ್ನು ಹೊಂದಿಸಲು ಸಾಧ್ಯವೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ – ಸೋಮವಾರಪೇಟೆಯವರು, ಪ್ರದರ್ಶನ ವಿನ್ಯಾಸದ ಕೆಲಸದಲ್ಲಿರುವವರು

ಉಪಯೋಗವಾಗುತ್ತವೆ. ಆದರೆ ತಂತ್ರಾಂಶವು ನೀವು ಕೊಟ್ಟ ಮಾಹಿತಿಯನ್ನಷ್ಟೇ ಚಿತ್ರವಾಗಿ ತೋರಿಸುತ್ತದೆಯೇ ಹೊರತು ನಿಮ್ಮ ಕೈಗೆ ಬರಲಿರುವ ಶೆಲ್ ಹೇಗೆ ವರ್ತಿಸುತ್ತದೆ ಎಂಬುದು ಅದಕ್ಕೆ ತಿಳಿಯದು ಎಂಬ ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಫಿನಾಲೆ 3ಡಿಯಲ್ಲಿ ‘ಮೂರು ಇಂಚಿನ ಕೆಂಪು ಪಿಯೊನಿ’ (ದುಂಡು ಹೂವಿನಂತೆ ಅರಳುವ ಶೆಲ್) ಎಂದು ಇಂಗ್ಲಿಷಿನಲ್ಲಿ ಬರೆದರೆ ಸಾಕು, ಅದು ತಾನೇ ಏರುವ ಎತ್ತರ, ತೆಗೆದುಕೊಳ್ಳುವ ಸಮಯ, ಅರಳುವ ಅಗಲ ಎಲ್ಲವನ್ನೂ ಊಹಿಸಿಕೊಂಡು ಬಿರುಸನ್ನು ಅರಳಿಸುತ್ತದೆ. ಈ ಊಹೆ ಒಳ್ಳೆಯ ಆರಂಭವೇ ಹೌದು, ಆದರೆ ಶಿವಕಾಶಿಯಿಂದ ಬರುವ ಪೆಟ್ಟಿಗೆಯಲ್ಲಿರುವ ವಸ್ತು ಅದಕ್ಕೆ ಹೊಂದಲೇಬೇಕೆಂದಿಲ್ಲ.

ಇಡೀ ವಿನ್ಯಾಸದ ಜೀವ ಇರುವುದು ಒಂದು ಅಂಕಿಯಲ್ಲಿ. ಕಿಡಿ ಹೊತ್ತಿದ ಕ್ಷಣದಿಂದ ಆಕಾಶದಲ್ಲಿ ಅರಳುವ ಕ್ಷಣದವರೆಗೆ ಹಿಡಿಯುವ ಕಾಲವದು. ಶೆಲ್‌ನ ವ್ಯಾಸದ ಪ್ರತಿ ಇಂಚಿಗೆ ಸುಮಾರು 100 ಅಡಿ ಎತ್ತರ ಎಂಬ ಸ್ಥೂಲ ಲೆಕ್ಕದಲ್ಲಿ ಮೂರು ಇಂಚಿನ ಶೆಲ್ ಹತ್ತಿರ ಹತ್ತಿರ 90 ಮೀಟರ್ ಏರಿ, ಎರಡೂವರೆಯಿಂದ ಮೂರು ಸೆಕೆಂಡುಗಳಲ್ಲಿ ಅರಳುತ್ತದೆ. ಈ ಅರ್ಧ ಸೆಕೆಂಡಿನ ವ್ಯತ್ಯಾಸ ಸಂಗೀತದಲ್ಲಿ ಬಹಳ ದೊಡ್ಡದು. ಆದ್ದರಿಂದ ಗುತ್ತಿಗೆದಾರರು ಬೇರೆ ಕಡೆ ಅದೇ ಸರಕನ್ನು ಸಿಡಿಸುವಾಗ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಬಂದ ಅಂಕಿಯನ್ನು ತಂತ್ರಾಂಶದ ಪಟ್ಟಿಯಲ್ಲಿ ತಿದ್ದಿ. ನಮ್ಮ ಬೆಟ್ಟಗಳ ಎತ್ತರದಲ್ಲಿ ಗಾಳಿ ಸ್ವಲ್ಪ ತೆಳುವಾಗಿರುವುದರಿಂದ ಶೆಲ್ ತುಸು ಮೇಲೆ ಹೋಗಬಹುದೆಂದು ಕೆಲವರು ಲೆಕ್ಕ ಹಾಕುತ್ತಾರೆ. ಒಂದೇ ಪೆಟ್ಟಿಗೆಯ ಎರಡು ಶೆಲ್‌ಗಳ ನಡುವಿನ ವ್ಯತ್ಯಾಸವೇ ಅದಕ್ಕಿಂತ ಹೆಚ್ಚಿರುವುದರಿಂದ ನಾನು ಆ ಲೆಕ್ಕಕ್ಕೆ ಕೈ ಹಾಕುವುದಿಲ್ಲ.

ಬಣ್ಣಗಳ ವಿಷಯದಲ್ಲಿ ಪರದೆಯನ್ನು ನಂಬಬೇಡಿ. ಪರದೆಯ ಮೇಲೆ ನೀಲಿಯೂ ಕೆಂಪಿನಷ್ಟೇ ಹೊಳೆಯುತ್ತದೆ. ನಿಜವಾದ ನೀಲಿ ಬರುವುದು ತಾಮ್ರದ ಕ್ಲೋರೈಡ್‌ನಿಂದ, ಮತ್ತು ಜ್ವಾಲೆ ಹೆಚ್ಚು ಬಿಸಿಯಾದರೆ ಆ ಸಂಯುಕ್ತ ಒಡೆದುಹೋಗುವುದರಿಂದ, ನೀಲಿ ಯಾವಾಗಲೂ ಸ್ಟ್ರಾನ್ಷಿಯಮ್‌ನ ಕೆಂಪಿಗಿಂತ ಮಂಕು. ಪುತ್ತರಿ ಬರುವುದು ಹುಣ್ಣಿಮೆಯ ಆಸುಪಾಸಿನಲ್ಲಿ, ಆ ಬೆಳದಿಂಗಳಿನಲ್ಲಿ ನೀಲಿ ಇನ್ನಷ್ಟು ಮಾಸುತ್ತದೆ. ಹಸಿರಿನ ಮಾತು ಬೇರೆ. ಗಾಢ ಹಸಿರಿಗೆ ಬೇಕಾದದ್ದು ಬೇರಿಯಮ್ ಲವಣ, ಅದನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನ ಆದೇಶದಲ್ಲಿ ನಿಷೇಧಿಸಿದೆ. ಆದ್ದರಿಂದ ಹಸಿರು ಶೆಲ್ ಆರಿಸುವ ಮೊದಲು ಅದರೊಳಗೆ ಏನಿದೆಯೆಂದು ಗುತ್ತಿಗೆದಾರರನ್ನು ಕೇಳಲೇಬೇಕು.

ನಿಮ್ಮ ಹೊಗೆಯ ತೊಂದರೆಗೆ ಬರುತ್ತೇನೆ. ಆ ಕಾಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಕೂತುಬಿಡುವುದರಿಂದ ಹೊಗೆಗೆ ಹೋಗಲು ದಾರಿಯಿರುವುದಿಲ್ಲ. ತಂತ್ರಾಂಶದಲ್ಲಿ ಗಾಳಿಯ ವೇಗವನ್ನು ಸೊನ್ನೆಗಿಟ್ಟು, ಹೊಗೆಯನ್ನು ತೋರಿಸುವ ಆಯ್ಕೆಯನ್ನು ಹಾಕಿ, ಜನ ಕೂರುವ ಜಾಗದಿಂದ ನೋಡಿ. ಕಳೆದ ವರ್ಷದ ರಾತ್ರಿ ನಿಮ್ಮ ಕಣ್ಣ ಮುಂದೆ ಮತ್ತೆ ಬರುತ್ತದೆ. ನನ್ನ ಸಲಹೆಯೆಂದರೆ, ಎತ್ತರದ ಶೆಲ್‌ಗಳನ್ನು ಮೊದಲೇ ಮುಗಿಸಿ, ಕೊನೆಯ ಭಾಗವನ್ನು ನೆಲದಿಂದಲೇ ಬೆಳಗುವ ಕಾಮೆಟ್ (ಬಾಲ ಬಿಡುತ್ತ ಏರುವ ಒಂಟಿ ಕಿಡಿ) ಮತ್ತು ಮೈನ್‌ಗಳಿಗೆ (ಕೊಳವೆಯ ಬಾಯಿಂದಲೇ ಚಿಮ್ಮುವ ಕಿಡಿಗಳ ಗೊಂಚಲು) ಬಿಡಿ. ಅವು ಕೊಳವೆಯಿಂದ ಹೊರಟ ಕ್ಷಣದಿಂದಲೇ ಕಾಣುವುದರಿಂದ ತಾಳಕ್ಕೂ ಚೆನ್ನಾಗಿ ಕೂರುತ್ತವೆ.

ಉತ್ತರ – ಮಡಿಕೇರಿಯ ಧ್ವನಿ ತಂತ್ರಜ್ಞ

ವಾಲಗದ ಬಗ್ಗೆ ಮಾತ್ರ ಹೇಳುತ್ತೇನೆ. ಸಂಗೀತಕ್ಕೆ ಹೊಂದಿಸಿದ ಪ್ರದರ್ಶನಗಳಲ್ಲಿ ಮುದ್ರಿತ ಧ್ವನಿಯ ಜೊತೆಗೆ ಹಾಡು ಯಾವ ಕ್ಷಣದಲ್ಲಿದೆಯೆಂದು ತಿಳಿಸುವ ಟೈಮ್‌ಕೋಡ್ ಎಂಬ ಸಂಕೇತ ಹರಿಯುತ್ತದೆ ಮತ್ತು ಸಿಡಿಸುವ ಯಂತ್ರ ಅದನ್ನು ಕೇಳಿಕೊಂಡು ಪ್ರತಿ ಇ-ಮ್ಯಾಚ್‌ಗೆ (ಮದ್ದಿಗೆ ಕಿಡಿ ಹೊತ್ತಿಸುವ ವಿದ್ಯುತ್ ಬತ್ತಿ) ವಿದ್ಯುತ್ ಹಾಯಿಸುತ್ತದೆ. ಎದುರಿಗೆ ಕೂತು ನುಡಿಸುವ ವಾಲಗದವರು ಕುಣಿಯುವವರ ಹುರುಪು ನೋಡಿ ಲಯವನ್ನು ಏರಿಸುತ್ತಾರೆ, ಅದೇ ಆ ಸಂಗೀತದ ಸೊಗಸು, ಅದನ್ನು ಟೈಮ್‌ಕೋಡ್‌ಗೆ ಕಟ್ಟಿಹಾಕಲಾಗದು, ಕಟ್ಟಿಹಾಕಲೂಬಾರದು. ಅದರ ಬದಲು ಇಡೀ ಪ್ರದರ್ಶನವನ್ನು ಹದಿನೈದು, ಇಪ್ಪತ್ತು ಸೆಕೆಂಡುಗಳ ತುಂಡುಗಳಾಗಿ ರೂಪಿಸಿ, ಲಯ ಬದಲಾಗುವ ಹೊತ್ತಿಗೆ ಒಂದೊಂದು ತುಂಡನ್ನು ಗುತ್ತಿಗೆದಾರರು ಗುಂಡಿ ಒತ್ತಿ ಆರಂಭಿಸುವಂತೆ ಮಾಡಿ.

ಇನ್ನೊಂದು ಮಾತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಬೆಳಕು ಮಾತ್ರ ಆ ಕ್ಷಣವೇ ತಲುಪುತ್ತದೆ. ತಾಳಕ್ಕೆ ಹೊಂದಿಸುವುದಾದರೆ ಅರಳುವ ಬೆಳಕನ್ನು ಹೊಂದಿಸಿ, ಸದ್ದನ್ನಲ್ಲ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರಿಸುವ ಕೋವಿಯ ಸದ್ದು ಎದುರಿನ ಬೆಟ್ಟಕ್ಕೆ ತಾಗಿ ಮರಳಿ ಬರುವುದನ್ನು ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿದವರೇ. ಪರದೆಯ ಮೇಲೆ ಆ ಮಾರ್ದನಿ ಇರುವುದಿಲ್ಲ. ಸದ್ದಿನ ಶೆಲ್ ಒಂದಾದ ಮೇಲೆ ಮಾರ್ದನಿ ಬರುವಷ್ಟು ಕಾಲ ಬರಿದಾಗಿಯೇ ಬಿಟ್ಟರೆ, ಮದ್ದಿನ ಖರ್ಚಿಲ್ಲದೆಯೇ ನಿಮಗೆ ಇನ್ನೊಂದು ಸದ್ದು ಸಿಗುತ್ತದೆ.

ಉತ್ತರ – ತಿತಿಮತಿ ಕಡೆಯ ಬೆಳೆಗಾರ

ಮೇಲಿನ ಇಬ್ಬರೂ ತಿಳಿದವರು. ಆದರೂ ಸದ್ದಿನ ಶೆಲ್‌ಗಳನ್ನು ಆದಷ್ಟು ಕಡಿಮೆ ಮಾಡಿರೆಂದು ನನ್ನ ಕಳಕಳಿಯ ಕೋರಿಕೆ. ನಮ್ಮ ತೋಟಗಳಲ್ಲಿ ಆನೆ ಓಡಿಸಲು ಬಳಸುವುದೂ ಪಟಾಕಿಯನ್ನೇ. ಸದ್ದು ಕೇಳಿದ ಹಿಂಡು ಪಕ್ಕದ ತೋಟದಲ್ಲಿದ್ದರೆ ಅದು ಕತ್ತಲಲ್ಲಿ ಯಾವ ಕಡೆ ಹೊರಳುತ್ತದೆಂದು ಹೇಳಲಾಗದು. ಮಂದ್‌ನಿಂದ ನಡೆದು ಮನೆಗೆ ಮರಳುವವರೂ ಲೈನ್ ಮನೆಗಳಲ್ಲಿರುವ (ತೋಟದ ಸಾಲುಮನೆಗಳು) ಕಾರ್ಮಿಕರೂ ಅದೇ ದಾರಿಯಲ್ಲಿರುತ್ತಾರೆ. ಜಿಲ್ಲಾಡಳಿತದ ಅನುಮತಿಯ ಜೊತೆಗೆ ಅರಣ್ಯ ಇಲಾಖೆಯವರಿಗೂ ದಿನ ಮತ್ತು ಹೊತ್ತನ್ನು ಮುಂಚಿತವಾಗಿ ತಿಳಿಸಿ.

ಆ ಹೊತ್ತಿಗೆ ಗದ್ದೆಗಳಲ್ಲಿ ಪೂಜೆಗೆ ಕೊಯ್ದ ಕದಿರು ಬಿಟ್ಟರೆ ಉಳಿದ ಪೈರೆಲ್ಲ ಒಣಗಿ ನಿಂತಿರುತ್ತದೆ. ಉರಿಯುವ ಕಾಗದದ ಚೂರುಗಳು ಎಲ್ಲಿ ಬೀಳುತ್ತವೆ ಎಂಬುದನ್ನು ನಿಮ್ಮ ತಂತ್ರಾಂಶ ತೋರಿಸುವುದಾದರೆ, ಬಣ್ಣಕ್ಕಿಂತ ಮೊದಲು ಅದನ್ನೇ ನೋಡಿ.

ಮತ್ತೆ ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಟೇಪು ಹಿಡಿದು ಮಂದ್‌ನಲ್ಲಿ ಅಳತೆ ಮಾಡಿದೆವು. ಕೊಳವೆಗಳನ್ನು ನಿಲ್ಲಿಸಬೇಕೆಂದಿದ್ದ ಜಾಗದಿಂದ ಹತ್ತಿರದ ಲೈನ್ ಮನೆಗೆ 62 ಮೀಟರ್ ಮಾತ್ರ ಇದೆ. ಅಮೆರಿಕದ ಎನ್‌ಎಫ್‌ಪಿಎ 1123 ಎಂಬ ನಿಯಮಾವಳಿಯಂತೆ ಶೆಲ್‌ನ ಪ್ರತಿ ಇಂಚಿಗೆ 70 ಅಡಿ ಅಂತರ ಬೇಕೆಂದು ಗುತ್ತಿಗೆದಾರರು ಹೇಳಿದರು. ಮೂರು ಇಂಚಿಗೆ ಅದು 64 ಮೀಟರ್. ಜಾಗವನ್ನು ಮುಂದಕ್ಕೆ ಸರಿಸಿದರೆ ಕೊಯ್ಯದ ಗದ್ದೆ. ಎರಡು ಮೀಟರ್ ತಾನೇ ಎಂದು ಒಬ್ಬ ಗೆಳೆಯ ಹೇಳಿದನಾದರೂ ನಮಗೆ ಮನಸ್ಸೊಪ್ಪಲಿಲ್ಲ. ಮೂರು ಇಂಚಿನ ಶೆಲ್‌ಗಳನ್ನು ಪೂರ್ತಿ ಕೈಬಿಟ್ಟು, 43 ಮೀಟರ್ ಸಾಕಾಗುವ ಎರಡು ಇಂಚಿನವನ್ನೂ ಕಾಮೆಟ್‌ಗಳನ್ನೂ ಇಟ್ಟುಕೊಂಡು ಹೊಸದಾಗಿ ರೂಪಿಸುತ್ತಿದ್ದೇವೆ. ಸದ್ದಿನ ಶೆಲ್ ಒಂದೇ ಒಂದು ಇರುತ್ತದೆ, ಅದೂ ಆರಂಭದಲ್ಲಿ, ಜನರೆಲ್ಲ ಮಂದ್‌ನಲ್ಲೇ ಕೂತಿರುವಾಗ.

ಹಗಲಿನಲ್ಲಿ ಒಂದು ಪಟಾಕಿ ಹಚ್ಚಿ ಮಾರ್ದನಿಯನ್ನೂ ಅಳೆದೆವು: 2.6 ಸೆಕೆಂಡು. ಅಂದರೆ ಎದುರಿನ ಬೆಟ್ಟ ಸುಮಾರು 440 ಮೀಟರ್ ದೂರ. ಆ ಒಂದು ಸದ್ದಿನ ಬಳಿಕ ಮೂರು ಸೆಕೆಂಡು ಏನನ್ನೂ ಇಡದೆ ಬಿಟ್ಟಿದ್ದೇವೆ.

ಉತ್ತರ – ಸೋಮವಾರಪೇಟೆಯವರು

ಆ ಮೂರು ಸೆಕೆಂಡನ್ನು ನಾಲ್ಕು ಮಾಡಿ. ಮಾರ್ದನಿ ಕಿವಿಗೆ ಬಿದ್ದ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಅದಕ್ಕೂ ಒಂದು ಸೆಕೆಂಡು ಬೇಕು.