ಆಸ್ಟ್ರಿಯಾದ ಫೆಂಟ್ ಕಣಿವೆಗೆ ಅಪ್ಪನ ಜೊತೆ 4 ದಿನ: ಯಾವ ಹಟ್, ಯಾವ ಶಿಖರ?

ಕಾಫಿತೋಟ_ಹುಡುಗ:
ಎಲ್ರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವನು, ಕೆಲಸ ಮ್ಯೂನಿಕ್‌ನಲ್ಲಿ. ಆಗಸ್ಟಲ್ಲಿ ಅಪ್ಪ ಬರ್ತಿದಾರೆ, 63 ವರ್ಷ, ಆದ್ರೆ ದಿನಾ ತೋಟದಲ್ಲಿ ಏರಿ ಇಳಿದು ಮಾಡೋ ಜೀವ, ಕುಮಾರಪರ್ವತ ನಾಲ್ಕು ಸಲ ಹತ್ತಿದಾರೆ, ಕಾಲು ನನಗಿಂತ ಗಟ್ಟಿ. ಓಟ್ಸ್‌ಟಾಲ್ ಕಣಿವೆಯ ತುದೀಲಿ ಫೆಂಟ್ ಅಂತ ಒಂದು ಸಣ್ಣ ಊರಿದೆಯಲ್ಲ, ಅಲ್ಲಿಂದ ಒಂದು ಹಟ್ಟಿಂದ (ಬೆಟ್ಟದ ಮೇಲಿನ ತಂಗುಮನೆ) ಇನ್ನೊಂದಕ್ಕೆ ನಡ್ಕೊಂಡು ಹೋಗೋ ಪ್ಲ್ಯಾನ್. ಮೊದಲ್ನೇ ದಿನ ಬ್ರೆಸ್ಲೌವರ್ ಹಟ್, ಎರಡನೇ ದಿನ ವಿಲ್ಡ್‌ಸ್ಪಿಟ್ಸೆ ಹತ್ತಿ ಇಳಿಯೋದು, ಮೂರನೇ ದಿನ ಸಿಮಿಲೌನ್ ಹಟ್, ನಾಲ್ಕಕ್ಕೆ ಸಿಮಿಲೌನ್ ಶಿಖರ ಮುಗಿಸಿ ವಾಪಸ್. ಹಿಮದಲ್ಲಿ ಜಾರದ ಹಾಗೆ ಶೂಗೆ ಹಾಕೋ ಸಣ್ಣ ಮುಳ್ಳಿನ ಮೈಕ್ರೋಸ್ಪೈಕ್ಸ್ ತಗೊಂಡಿದೀನಿ. ಯೂಟ್ಯೂಬಲ್ಲಿ ನೋಡಿದ್ರೆ ಜನ ಆರಾಮಾಗಿ ಸಾಲಾಗಿ ನಡ್ಕೊಂಡು ಹೋಗ್ತಿರ್ತಾರೆ. ಗೈಡ್ ಇಲ್ದೆ ಮಾಡ್ಬೋದಾ? ಇನ್ನೊಂದು, ಅಪ್ಪ ಮೊಟ್ಟೆ ತಿಂತಾರೆ, ಮಾಂಸ ಮುಟ್ಟಲ್ಲ.

ಹಿಮದ_ಮಂಜ:
ಮೈಕ್ರೋಸ್ಪೈಕ್ಸ್ ಹಾಕ್ಕೊಂಡು ವಿಲ್ಡ್‌ಸ್ಪಿಟ್ಸೆನಾ? ಬೇಡ ಗುರು. ನಾನು ಇನ್ಸ್‌ಬ್ರುಕ್‌ನಲ್ಲಿ ಏಳು ವರ್ಷದಿಂದ ಇದೀನಿ, ಈ ಪ್ರಶ್ನೆ ಪ್ರತಿ ಬೇಸಿಗೆ ಬರತ್ತೆ. ಅದು 3768 ಮೀಟರ್, ಆಸ್ಟ್ರಿಯಾದಲ್ಲೇ ಎರಡನೇ ಅತಿ ಎತ್ತರದ ಬೆಟ್ಟ, ಮಾಮೂಲಿ ದಾರೀಲೂ ಗ್ಲೇಸಿಯರ್ (ಹಿಮನದಿ) ದಾಟ್ಲೇಬೇಕು. ಸಿಮಿಲೌನ್ ಶಿಖರಾನೂ ಅಷ್ಟೇ, ಸುಮಾರು 3600, ಅದೂ ಗ್ಲೇಸಿಯರ್ ಮೇಲೇನೆ. ನೀನು ವಿಡಿಯೋದಲ್ಲಿ ನೋಡಿದ ಆ ಸಾಲು ಇದೆಯಲ್ಲ, ಸರಿಯಾಗಿ ನೋಡು, ಅವ್ರೆಲ್ಲ ಒಬ್ಬರಿಗೊಬ್ಬರು ಹಗ್ಗ ಕಟ್ಕೊಂಡಿರ್ತಾರೆ. ಮಂಜುಗಡ್ಡೆ ಒಳಗೆ ಆಳವಾದ ಬಿರುಕು ಇರತ್ತೆ, ಮೇಲೆ ತೆಳ್ಳಗೆ ಹಿಮ ಮುಚ್ಚಿರತ್ತೆ, ನೋಡಕ್ಕೆ ಸಮ ನೆಲದ ಥರಾನೇ. ಬೆಳಿಗ್ಗೆ ಹೆಪ್ಪುಗಟ್ಟಿ ಗಟ್ಟಿ ಇದ್ದಿದ್ದು ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗತ್ತೆ, ಕಾಲಿಟ್ರೆ ಒಳಗೆ. ಇಬ್ಬರೇ ಹೋಗಿ ಒಬ್ರು ಬಿದ್ರೆ ಇನ್ನೊಬ್ರು ಎಳ್ಕೊಳ್ಳೋದು ಕಲಿತವರಿಗೂ ಕಷ್ಟ. ಕುಮಾರಪರ್ವತದ ಫಿಟ್‌ನೆಸ್ ಇಲ್ಲಿ ಉಪಯೋಗಕ್ಕೆ ಬರತ್ತೆ, ಆದ್ರೆ ಇದು ಫಿಟ್‌ನೆಸ್ ಪ್ರಶ್ನೆನೇ ಅಲ್ಲ. ಗೈಡ್ ತಗೊಂಡ್ರೆ ಹೋಗಿ, ಇಲ್ಲಾಂದ್ರೆ ಬಿಟ್ಬಿಡಿ.

ಬೇಜಾರಾಗ್ಬೇಡ, ಗ್ಲೇಸಿಯರ್ ಮುಟ್ಟದೆ 3000 ದಾಟೋ ಬೆಟ್ಟಗಳು ಅಲ್ಲೇ ಇವೆ. ಒಂದು ವಿಲ್ಡೆಸ್ ಮಾನ್‌ಲೆ, ಊರಿಂದ ಚೇರ್‌ಲಿಫ್ಟಲ್ಲಿ ಸ್ಟಾಬ್‌ಲೈನ್‌ವರೆಗೆ (2356 ಮೀಟರ್) ಹೋದ್ರೆ ಅಲ್ಲಿಂದ ಎರಡು ಎರಡೂವರೆ ಗಂಟೆ, ಇಳಿದು ಬ್ರೆಸ್ಲೌವರ್ ಹಟ್ಟಲ್ಲಿ ಮಲಗೋದು. ಇನ್ನೊಂದು ಕ್ರಾಯ್ಟ್ಸ್‌ಸ್ಪಿಟ್ಸೆ, 3450ರ ಮೇಲಿದೆ, ಮಾರ್ಟಿನ್ ಬುಶ್ ಹಟ್ಟಿಂದ ಮೂರು ಗಂಟೆ ಏರು, ದಾರೀಲಿ ಒಂದು ಪುಟ್ಟ ಕೆರೆ ಸಿಗತ್ತೆ, ಕೊನೇಲಿ ಬರೀ ಕಲ್ಲಿನ ರಾಶಿ, ಹಿಮ ಉಳಿದಿಲ್ಲ ಅಂದ್ರೆ ಅಪ್ಪ ಖಂಡಿತ ಹತ್ತುತಾರೆ. ಮೇಲೆ ನಿಂತ್ರೆ ಸಿಮಿಲೌನ್ ಎದುರಿಗೇ. ಸಿಮಿಲೌನ್ ನೋಡ್ಬೇಕು ಅಂದ್ರೆ ಸಿಮಿಲೌನ್ ಹತ್ತೋದಕ್ಕಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ಮಜಾ ಏನು ಗೊತ್ತಾ, ಫೆಂಟ್ ಊರೇ 1895 ಮೀಟರಲ್ಲಿದೆ. ನಮ್ಮ ಮುಳ್ಳಯ್ಯನಗಿರಿ ತುದಿ 1930. ಅಂದ್ರೆ ನೀವು ಬಸ್ಸಿಂದ ಇಳಿದಾಗ್ಲೇ ಹೆಚ್ಚು ಕಮ್ಮಿ ಕರ್ನಾಟಕದ ನೆತ್ತಿ ಮೇಲೆ ನಿಂತಿರ್ತೀರ, ನಡಿಗೆ ಶುರುವಾಗೋದು ಅಲ್ಲಿಂದ.

ಸೌಮ್ಯಕ್ಕ:
ಮಂಜ ಹೇಳಿದ್ದಕ್ಕೆ ನನ್ನದೂ ಓಟು. ನಾನು ಹಟ್ ವಿಷಯ ಹೇಳ್ತೀನಿ, ಯಾಕಂದ್ರೆ ಮೊದಲ ಸಲ ನಾವು ಮಾಡಿದ ಎಡವಟ್ಟು ಅಷ್ಟಿಷ್ಟಲ್ಲ. ಹಟ್ ಅಂದ್ರೆ ಗುಡಿಸಲು ಅಂದ್ಕೋಬೇಡಿ, ಹೋಟ್ಲು ಅಂತಾನೂ ಅಂದ್ಕೋಬೇಡಿ. ಕುಮಾರಪರ್ವತದ ಭಟ್ಟರ ಮನೆ ನೆನಪಿಸ್ಕೊಳ್ಳಿ, ಅದನ್ನೇ ಮೂರಂತಸ್ತು ಮಾಡಿ ನೂರಾರು ಜನಕ್ಕೆ ಹಾಸಿಗೆ ಹಾಕಿದ ಹಾಗೆ. ಹೆಚ್ಚಿನವು ಆಲ್ಪೈನ್ ಕ್ಲಬ್‌ಗಳ ಬೇರೆ ಬೇರೆ ಊರಿನ ಶಾಖೆಗಳು ಕಟ್ಟಿಸಿರೋದು. ಬ್ರೆಸ್ಲೌವರ್ 1882ರದ್ದು, ಕಟ್ಟಿಸಿದ ಶಾಖೆಯ ಊರು ಬ್ರೆಸ್ಲಾವ್ ಈಗ ಪೋಲೆಂಡಲ್ಲಿದೆ, ಊರಿನ ಹೆಸರೇ ವ್ರೊತ್ಸ್‌ವಾಫ್ ಆಯ್ತು, ಹಟ್ಟಿನ ಹೆಸರು ಮಾತ್ರ ಹಂಗೇ ಉಳ್ಕೊಂಡಿದೆ.

ಈಗ್ಲೇ ಬುಕ್ ಮಾಡಿ. ಓಬರ್ಸ್ಟ್‌ಡಾರ್ಫ್‌ನಿಂದ ಮೆರಾನೋಗೆ ಆಲ್ಪ್ಸ್ ದಾಟಿ ಹೋಗೋ ಈ5 ಅನ್ನೋ ದೂರದ ಕಾಲ್ದಾರಿಯ ಹೆಸರಾಂತ ಕವಲು ಇದೇ ಮಾರ್ಟಿನ್ ಬುಶ್, ಸಿಮಿಲೌನ್ ಹಟ್ ಮೇಲೇ ಹಾದು ಹೋಗತ್ತೆ, ಆಗಸ್ಟಲ್ಲಿ ಜಾತ್ರೆ. ಮತ್ತೆ ಇಬ್ರೂ ಆಲ್ಪೈನ್ ಕ್ಲಬ್ ಮೆಂಬರ್ ಆಗ್ಬಿಡಿ, ಕ್ಲಬ್ಬಿನ ಹಟ್‌ಗಳಲ್ಲಿ ಮಲಗೋ ಚಾರ್ಜ್ ಕಮ್ಮಿ ಆಗತ್ತೆ, ಅದಕ್ಕಿಂತ ಮುಖ್ಯ 25,000 ಯೂರೋವರೆಗೆ ರಕ್ಷಣಾ ಖರ್ಚಿನ ಇನ್ಶೂರೆನ್ಸ್ ಬರತ್ತೆ. ಬೆಟ್ಟದಲ್ಲಿ ಕಾಲು ಮುರ್ಕೊಂಡು ಹೆಲಿಕಾಪ್ಟರ್ ಬಂದ್ರೆ ಬಿಲ್ಲು ನಿಮ್ಮ ಹೆಸರಿಗೇ ಬರೋದು. ಕ್ಯಾಶ್ ಇಟ್ಕೊಳ್ಳಿ. ನಾವೊಂದು ಹಟ್ಟಲ್ಲಿ ಕಾರ್ಡ್ ನಂಬ್ಕೊಂಡು ಹೋಗಿ, ನೆಟ್‌ವರ್ಕ್ ಬಿದ್ದು, ಪಕ್ಕದ ಟೇಬಲ್ಲಿನ ಅಜ್ಜಿ ಹತ್ರ 60 ಯೂರೋ ಸಾಲ ಇಸ್ಕೊಂಡ್ವಿ. ಮಾನ ಹೋಯ್ತು.

ಶೂ ಬಾಗಿಲಲ್ಲೇ ಬಿಡೋದು, ಒಳಗೆ ಚಪ್ಪಲಿ, ಇದಂತೂ ಅಪ್ಪಂಗೆ ನಮ್ಮನೆ ಅನ್ಸತ್ತೆ. ಹೊದಿಕೆ ಅವ್ರು ಕೊಡ್ತಾರೆ, ಒಳಗೆ ಹಾಕ್ಕೊಳ್ಳೋ ತೆಳು ಬಟ್ಟೆ ಚೀಲ ನಿಮ್ಮದೇ ಇರ್ಬೇಕು. ರಾತ್ರಿ 10ಕ್ಕೆ ಲೈಟ್ ಆಫ್. ಸಾಲು ಹಾಸಿಗೆಯಲ್ಲಿ ಗೊರಕೆ ಕಚೇರಿ ನಡೆಯತ್ತೆ, ಕಿವಿಗೆ ಹತ್ತಿ ಮರೀಬೇಡಿ.

ಊಟಕ್ಕೆ ಕೇಸೆಸ್ಪೆಟ್ಸ್‌ಲೆ ಸಿಗತ್ತೆ, ಚೀಸ್ ಹಾಕಿದ ಗಿಡ್ಡ ಶಾವಿಗೆ ಥರ, ಮೇಲೆ ಹುರಿದ ಈರುಳ್ಳಿ. ಕೈಸರ್‌ಶ್ಮಾರ್ನ್ ಅಂತ ಸಿಹಿ, ದಪ್ಪ ದೋಸೆನ ಹರಿದು ಸಕ್ಕರೆ ಉದುರಿಸಿದ ಹಾಗೆ, ಎರಡರಲ್ಲೂ ಮೊಟ್ಟೆ ಇರತ್ತೆ, ನಿಮಗೆ ಪರವಾಗಿಲ್ಲ. ಆದ್ರೆ ಸೂಪ್ ಹುಷಾರು, ತೇಲ್ತಿರೋ ಉಂಡೆ ಚೀಸಿಂದೇ ಆದ್ರೂ ತಿಳಿಸಾರು ಸಾಮಾನ್ಯವಾಗಿ ದನದ ಮಾಂಸ ಬೇಯಿಸಿದ್ದು. ಕೇಳಿ ತಗೊಳ್ಳಿ. ಒಂದು ಡಬ್ಬಿ ಚಟ್ನಿಪುಡಿ ಇರ್ಲಿ, ಮೂರನೇ ದಿನಕ್ಕೆ ಅದೇ ದೇವರು.

ಧಾರವಾಡದ_ಕುರುಬ:
ಎಲ್ಲಾರೂ ಬೆಟ್ಟದ ಬಗ್ಗೆ ಹೇಳಿದ್ರಿ, ಕುರಿ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ! ಆ ಫೆಂಟ್ ಸುತ್ತ ಮುತ್ತ ಮೇಯೋ ಕುರಿ ಆಸ್ಟ್ರಿಯಾದವ್ರದಲ್ಲ, ಗುಡ್ಡದ ಆಚಿ ಕಡಿ ಇಟಲಿ ಶ್ನಾಲ್ಸ್ ಕಣಿವಿಯವ್ರದು. ಜೂನ್‌ನ್ಯಾಗ ಸಾವಿರಾರು ಕುರಿ ಸುಮಾರು 3000 ಮೀಟರ್ ಎತ್ತರದ ಘಟ್ಟ ದಾಟಿಸ್ಕೊಂಡು ಬರ್ತಾರ, ಹಿಮ ಇದ್ರೂ ಅದರ ಮ್ಯಾಲೇ, ಸೆಪ್ಟೆಂಬರ್ ಮಧ್ಯಕ್ಕ ತಿರುಗಿ ಹೊಡ್ಕೊಂಡು ಹೋಗ್ತಾರ. ಗಡಿ ಆಮ್ಯಾಲ ಬಂತು, ಮೇಯಿಸೋ ಹಕ್ಕು ಮೊದಲಿಂದ ಐತಿ. ಹಿಂಗ ಕುರಿ ದನ ಹೊಡ್ಕೊಂಡು ವಲಸಿ ಹೋಗೋ ಪದ್ಧತಿನ 2019ರಾಗ ಯುನೆಸ್ಕೊ ಪಟ್ಟಿಗೆ ಸೇರಿಸ್ಯಾರ. ನಮ್ಮ ಅಜ್ಜ ಮಳಿಗಾಲ ಬಂತಂದ್ರ ಕುರಿ ಹಿಂದ ತಿಂಗಳಗಟ್ಟಲೆ ಹೋಗಾವ್ರು, ಕಂಬಳಿ, ಒಂದು ರೊಟ್ಟಿ ಗಂಟು, ನಾಯಿ, ಅಷ್ಟ. ನಾನು ಅಲ್ಲಿ ನಿಂತು ಆ ಕುರಿಗಾಹಿ ಸಿಳ್ಳಿ ಹಾಕೋದು ಕೇಳಿದಾಗ ಗಂಟಲು ಕಟ್ಟಿ ಬಂತು, ಸುಳ್ಳ್ಯಾಕ ಹೇಳ್ಲಿ. ಅದಕ್ಕ ನನ್ನ ಕೇಳಿದ್ರ ಆಗಸ್ಟ್ ಬಿಡ್ರಿ, ಸೆಪ್ಟೆಂಬರ್ ಮಾಡ್ರಿ, ಹಟ್ ಹೆಚ್ಚಾಗಿ ತಿಂಗಳ ಕಡೀತನಾ ತೆರದಿರ್ತಾವ, ಮಂದಿನೂ ಕಮ್ಮಿ.

ಇನ್ನೊಂದು ಸಿಮಿಲೌನ್ ಹಟ್ಟು (3019 ಮೀಟರ್, ಇಟಲಿ ಗಡಿ ಮ್ಯಾಲೇ ಐತಿ) ತಪ್ಪಿಸಬ್ಯಾಡ್ರಿ, ಶಿಖರ ಬ್ಯಾಡಾದ್ರೂ. ಅಲ್ಲಿಂದ ಒಂದು ತಾಸಿನ ಮ್ಯಾಲ ನಡದ್ರ ಟೀಸನ್‌ಯೋಖ್ ಅನ್ನೋ ಘಟ್ಟ, 1991ರ ಸೆಪ್ಟೆಂಬರ್ 19ಕ್ಕ ಗಂಡ ಹೆಂಡ್ತಿ ಇಬ್ರು ಚಾರಣ ಮಾಡೋವಾಗ ಓಟ್ಸಿ ಅಂತ ಈಗ ಕರಿಯೋ ಹಿಮಮಾನವನ ಹೆಣ ಐಸಿನ್ಯಾಗ ಕಂಡಿದ್ದು ಅಲ್ಲೇ. ಯಾರೋ ಮೊನ್ನೆ ಮೊನ್ನೆ ಬಿದ್ದು ಸತ್ತ ಟ್ರೆಕ್ಕರ್ ಇರ್ಬೇಕು ಅಂದ್ಕೊಂಡ್ರಂತ, ನೋಡಿದ್ರ 5300 ವರ್ಷದ ಹಿಂದಿನಾಂವ. ಅಳದು ನೋಡಿದ್ರ ಜಾಗಾ ಗಡಿಯಿಂದ 93 ಮೀಟರ್ ಇಟಲಿ ಒಳಗ, ಅದಕ್ಕ ಈಗ ಬೊಲ್ಜಾನೋ ಮ್ಯೂಸಿಯಮ್ಮಿನ್ಯಾಗ ಮಲಗ್ಯಾನ. ದಾರ್ಯಾಗ ಅಲ್ಲಲ್ಲಿ ಕೈ ಹಚ್ಚಿ ಹತ್ತಬೇಕು, ಮಳಿ ಹಿಮ ಇದ್ರ ಬ್ಯಾಡ.

ಮತ್ತ ಫೆರ್ನಾಗ್ಟ್ ಅಂತ ಎರಡು ಅದಾವ್ರಿ! ಫೆರ್ನಾಗ್ಟ್ ಹಟ್ಟು ಆಸ್ಟ್ರಿಯಾ ಕಡಿ, ಫೆರ್ನಾಗ್ಟ್ ಊರು ಇಟಲಿ ಕಡಿ ಕೆರಿ ದಂಡಿಗೆ. ನಮ್ಮ ದೋಸ್ತ್ ಒಬ್ಬ ಊರಿಂದು ರೂಮ್ ಬುಕ್ ಮಾಡಿ ಹಟ್ಟಿಗೆ ಬಂದು ನಿಂತಿದ್ದ.

ಹಿಮದ_ಮಂಜ:
ಫೆರ್ನಾಗ್ಟ್ ಅಂದಾಗ ನೆನಪಾಯ್ತು. ಆ ಹಟ್ ಮುಂದಿರೋ ಗ್ಲೇಸಿಯರ್ ಹಿಂದೆ ಕೆಳಗಿನ ಕಣಿವೆವರೆಗೆ ನುಗ್ಗಿ ಬಂದು ಹೊಳೆಗೇ ಅಡ್ಡ ಕೂತು, ಹಿಂದೆ ಕೆರೆ ಕಟ್ಟಿ, ಅದು ಒಡೆದು ಇಡೀ ಓಟ್ಸ್‌ಟಾಲ್‌ಗೆ ಪ್ರವಾಹ ತರ್ತಿತ್ತು, 1600ರಲ್ಲಿ, 1678ರಲ್ಲಿ, 1845ರಲ್ಲೂ. 1889ರಲ್ಲಿ ಫಿನ್‌ಸ್ಟರ್‌ವಾಲ್ಡರ್ ಅನ್ನೋರು ಅದರ ನಕ್ಷೆ ಬಿಡಿಸಿದಾರೆ. ಈಗ ಹೋಗಿ ನೋಡಿದ್ರೆ ಮೇಲೆಲ್ಲೋ ಬೂದು ಬಣ್ಣದ ಒಂದು ತುಂಡು. ಅದಕ್ಕೇ ಹಳೇ ನಕ್ಷೆ, ಹಳೇ ಬ್ಲಾಗ್ ನಂಬ್ಬೇಡ, ಅಲ್ಲಿ ಐಸ್ ಅಂತ ಬರೆದಿರೋ ಕಡೆ ಈಗ ಜಾರೋ ಕಲ್ಲು ಇರತ್ತೆ. ಬೆಳಿಗ್ಗೆ ಹೊರಡೋ ಮುಂಚೆ ಹಟ್ ನಡೆಸೋರನ್ನ ಕೇಳು, ಹೋಗೋ ಜಾಗ ಅವರ ಪುಸ್ತಕದಲ್ಲಿ ಬರಿ, ಮಧ್ಯಾಹ್ನ ಎರಡರೊಳಗೆ ಮುಂದಿನ ಹಟ್ ಸೇರ್ಕೋ, ಆಗಸ್ಟಲ್ಲಿ ಸಂಜೆ ಗುಡುಗು ಸಿಡಿಲು ಜಾಸ್ತಿ. ಬೆಟ್ಟದ ರಕ್ಷಣೆಗೆ ಆಸ್ಟ್ರಿಯಾದಲ್ಲಿ 140, ಗಡಿ ಆಚೆ 112.

ಕಾಫಿತೋಟ_ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಮೈಕ್ರೋಸ್ಪೈಕ್ಸ್ ವಾಪಸ್ ಕಳಿಸ್ತಿದೀನಿ. ಟಿಕೆಟ್ ಆಗಿರೋದ್ರಿಂದ ಆಗಸ್ಟೇ, ಕುರಿ ಇನ್ನೊಂದ್ಸಲ ನೋಡ್ತೀನಿ ಅಣ್ಣಾ. ಈಗ ಪ್ಲ್ಯಾನ್ ಹಿಂಗಿದೆ: ಮೊದಲು ವಿಲ್ಡೆಸ್ ಮಾನ್‌ಲೆ ಮಾಡಿ ಬ್ರೆಸ್ಲೌವರ್, ಕೆಳಗಿಳಿದು ಮಾರ್ಟಿನ್ ಬುಶ್‌ನಲ್ಲಿ ಎರಡು ರಾತ್ರಿ, ಮಧ್ಯದ ದಿನ ಕ್ರಾಯ್ಟ್ಸ್‌ಸ್ಪಿಟ್ಸೆ ಇಲ್ಲಾ ಸಿಮಿಲೌನ್ ಹಟ್‌ವರೆಗೆ ಹೋಗಿ ಬರೋದು, ಅಪ್ಪನ ಮೂಡ್ ನೋಡ್ಕೊಂಡು. ಬ್ರೆಸ್ಲೌವರ್ ಹಟ್ 2844 ಮೀಟರಲ್ಲಿದೆ, ಅಲ್ಲಿ ಮಲಗಿದ್ರೆ ತಲೆನೋವು ಬರತ್ತಾ? ಫೋನಲ್ಲಿ ಇದೆಲ್ಲ ಅಪ್ಪಂಗೆ ವಿವರ್ಸಿದೆ, ಬಿರುಕು, ಸಿಡಿಲು, ಎಲ್ಲಾ ಕೇಳಿಸ್ಕೊಂಡು ಅವ್ರು ಕೇಳಿದ್ದು ಒಂದೇ, ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು ಇರತ್ತೇನೋ ಅಂತ.

ಸೌಮ್ಯಕ್ಕ:
ತಲೆನೋವು ಬರ್ಬೋದು, ಮೊದಲ ರಾತ್ರಿ ಫೆಂಟ್ ಊರಲ್ಲೇ ಮಲಗಿ ಹೊರಟ್ರೆ ಕಮ್ಮಿ, ನೀರು ಚೆನ್ನಾಗಿ ಕುಡೀಲಿ, ಜಾಸ್ತಿ ಆದ್ರೆ ಕೆಳಗೆ ಇಳಿದುಬಿಡಿ. ಬಿಸಿನೀರಿಗೆ ಕೆಲವು ಹಟ್‌ಗಳಲ್ಲಿ ಟೋಕನ್ ಕೊಡ್ತಾರೆ, ದುಡ್ಡು ಕೊಟ್ಟು ತಗೋಬೇಕು, ಮೂರು ನಿಮಿಷಕ್ಕೆ ನಿಂತುಹೋಗತ್ತೆ. ನಮ್ಮ ಮಾವ ಸೋಪು ಹಚ್ಕೊಂಡಿದ್ದಾಗ್ಲೇ ನಿಂತಿತ್ತು. ಅಪ್ಪಂಗೆ ಎರಡು ಟೋಕನ್ ತಗೊಳ್ಳಿ.